ಶಿರಸ್ತೇದಾರರು ಎಡಕ್ಕೆ ಸರಿಯಬೇಕಾಗಿತ್ತು

ಏಳು ಸುತ್ತಿನ ಕೋಟೆಯ ಊರು ನಮ್ಮದು. ಅಂಥ ಊರಿನವರಿಗೆ ಐದು ಜನ ಸೇರಿ ಒಂದು ಗೋಡೆಯಾಗಿ ನಿಲ್ಲಲು ಬರಲಿಲ್ಲ ಎಂಬ ಸಂಗತಿಯನ್ನು ನಾನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ. ಊರಿನ ಮಾನದ ಪ್ರಶ್ನೆ. ಈಗ ಆ ಐವರಲ್ಲಿ ನಾಲ್ವರು ಪಿಂಚಣಿ ತಿನ್ನುತ್ತಿದ್ದಾರೆ, ಒಬ್ಬರು ಪಿಂಚಣಿಯ ಅಗತ್ಯವಿಲ್ಲದ ಕಡೆಗೆ ಹೋಗಿದ್ದಾರೆ. ಆದ್ದರಿಂದ ಬರೆಯಬಹುದು.

ಮಹಾರಾಜರ ಕಾಲ. ನಾನು ಚಿತ್ರದುರ್ಗದ ವಕೀಲರೊಬ್ಬರ ಬಳಿ ಗುಮಾಸ್ತನಾಗಿದ್ದೆ. ತಾಲ್ಲೂಕು ಕಚೇರಿಗೆ ಅರ್ಜಿಗಳನ್ನು ಹೊತ್ತುಕೊಂಡು ಹೋಗುವುದು, ಅವನ್ನು ಅಲ್ಲಿ ಯಾರೂ ಓದಿಲ್ಲವೆಂದು ಖಚಿತಪಡಿಸಿಕೊಂಡು ಬರುವುದು, ಇಷ್ಟು ನನ್ನ ಕೆಲಸ. ಸಂಜೆ ಐದರ ಮೇಲೆ ನನಗೆ ಇನ್ನೊಂದು ಹುದ್ದೆಯಿತ್ತು. ಪೇಟೆ ಬೀದಿಯ ದರ್ಜಿ ಸಾಬರ ಅಂಗಡಿ ಮುಂದೆ ಒಂದು ಬೆಂಚು. ಅದರ ಮೇಲೆ ಕೂತು ಊರಿನ ಫುಟ್ಬಾಲ್ ತಂಡದ ಯೋಗಕ್ಷೇಮ ವಿಚಾರಿಸುವವರು ನಾಲ್ವರು: ಮಿಷನ್ನು ತುಳಿಯುತ್ತಲೇ ಮಾತಾಡುವ ಸಾಬರು, ಭೀಮಸಮುದ್ರದಿಂದ ಬಂದು ದುರ್ಗದಲ್ಲಿ ಮಂಡಿ ಇಟ್ಟಿದ್ದ ಅಡಿಕೆ ಸಾಹುಕಾರರು, ನಿವೃತ್ತರಾದ ಮೇಷ್ಟ್ರು ಒಬ್ಬರು, ಮತ್ತು ನಾನು. ನಾಲ್ವರಲ್ಲಿ ಯಾರೂ ಎಂದೂ ಚೆಂಡು ಒದ್ದವರಲ್ಲ. ಆದ್ದರಿಂದ ನಮ್ಮ ಅಭಿಪ್ರಾಯಗಳಿಗೆ ಯಾವ ಅಡ್ಡಿಯೂ ಇರಲಿಲ್ಲ.

ತಂಡವೆಂದರೆ ಬಹುಮಟ್ಟಿಗೆ ತಾಲ್ಲೂಕು ಕಚೇರಿಯೇ. ಕಚೇರಿಯ ಮುಖ್ಯಸ್ಥರಾದ ಅಮಲ್ದಾರರಿಗೆ ಫುಟ್ಬಾಲಿನ ಹುಚ್ಚು. ಅವರು ಆಡುತ್ತಿರಲಿಲ್ಲ, ಆಡಿಸುತ್ತಿದ್ದರು. ಅವರ ಕೆಳಗಿನ ಶಿರಸ್ತೇದಾರರೇ ನಾಯಕರು. ಮೊದಲನೆಯ ಗುಮಾಸ್ತರು, ಎರಡನೆಯ ಗುಮಾಸ್ತರು, ಜಮೀನು ಕಂದಾಯ ನೋಡುವ ಷೇಕ್ದಾರರು, ಖಜಾನೆಯವರು, ಹೀಗೆ ಪಟ್ಟಿ ಇಳಿಯುತ್ತಾ ಬಂದು ಗೋಲಿನ ಹತ್ತಿರ ನಿಲ್ಲುತ್ತಿತ್ತು. ಗೋಲು ಕಾಯುತ್ತಿದ್ದವನು ಕಚೇರಿಯ ಜವಾನ. ಆರಡಿ ಆಳು, ತೊಲೆಯಂಥ ಕೈ. ಮೈದಾನಕ್ಕೆ ಬಂದೊಡನೆ ಎದೆಯ ಹಿತ್ತಾಳೆ ಬಿಲ್ಲೆಯನ್ನು ಪಟ್ಟಿ ಸಮೇತ ಬಿಚ್ಚಿ ಗೋಲಿನ ಕಂಬಕ್ಕೆ ನೇತುಹಾಕುವನು. ಆಮೇಲೆ ಚೆಂಡು ಅವನನ್ನು ದಾಟಿ ಹೋಗುವುದು ಕಷ್ಟವಿತ್ತು. ಎರಡು ವರ್ಷ ಹಾಗೇ ನಡೆಯಿತು.

ಮೂರನೆಯ ವರ್ಷ ಹೊಳಲ್ಕೆರೆಯವರು ನಮ್ಮೂರಿಗೆ ಬಂದು ಅವನ ಮೇಲೆ ಎರಡು ಗೋಲು ಹೊಡೆದು, ಮಂಡಕ್ಕಿ ಮೆಣಸಿನಕಾಯಿ ತಿಂದು, ಸಂತೋಷವಾಗಿ ರೈಲು ಹತ್ತಿದರು. ಮಾರನೆಯ ದಿನ ಬೆಂಚು ಭರ್ತಿಯಾಗಿತ್ತು.

"ಕಣ್ಣು," ಎಂದರು ಮೇಷ್ಟ್ರು. "ಕಣ್ಣು ಮಂಜಾಗೈತೆ. ನಾನು ಆವತ್ತೇ ಅಂದ್ಕಂಡೆ."

"ಕಣ್ಣಲ್ಲ, ಮುದ್ದೆ," ಎಂದರು ಸಾಹುಕಾರರು. "ಆಟಕ್ಕೆ ಮುಂಚೆ ಎರಡು ಮುದ್ದೆ ನುಂಗ್ತಾನಂತೆ. ಎರಡು ಮುದ್ದೆ ನುಂಗಿದೋನು ಹಾರ್ತಾನೇನ್ರಿ?"

"ಮುದ್ದೆ ತಿಂದ್ರೆ ಶಕ್ತಿ ಬರ್ತೈತೆ ಸಾಹುಕಾರ್ರೇ," ಎಂದರು ಮೇಷ್ಟ್ರು.

"ಶಕ್ತಿ ಬರ್ತೈತೆ. ಏಳಾಕೆ ಮನಸ್ಸು ಬರಲ್ಲ."

ಸಾಬರು ಮಿಷನ್ನು ನಿಲ್ಲಿಸಿದರು. ಅವರು ಮಿಷನ್ನು ನಿಲ್ಲಿಸಿದರೆ ವಿಷಯ ಗಂಭೀರ ಎಂದರ್ಥ. "ಶರ್ಟು ಕಂಕಳತ್ರ ಹಿಡೀತೈತೆ. ಕೈ ಪೂರಾ ಮೇಲಕ್ಕೆ ಏಳಲ್ಲ. ಹೊಲ್ದೋನು ನಾನೇ. ಆದ್ರೆ ಬಟ್ಟೇನೇ ಕಮ್ಮಿ ಕೊಟ್ಟಿದ್ರು, ಅದಕ್ಕೆ ನಾನೇನ್ ಮಾಡ್ಲಿ?" ಯಾರೂ ಆಪಾದನೆ ಮಾಡುವ ಮುಂಚೆಯೇ ಅವರು ತಪ್ಪೊಪ್ಪಿಕೊಂಡು ಖುಲಾಸೆಯನ್ನೂ ಪಡೆದುಬಿಟ್ಟರು.

ನಾನು ವಕೀಲರ ಕಡೆಯವನಾದ್ದರಿಂದ ಒಂದು ಅಂಶವನ್ನು ಸಭೆಯ ಮುಂದಿಟ್ಟೆ. ಎರಡು ಗೋಲುಗಳೂ ಬಂದದ್ದು ಫ್ರೀ ಕಿಕ್ಕಿನಿಂದ. ಅಂದರೆ, ನಮ್ಮವರು ಯಾರನ್ನೋ ಕೆಡವಿದರು, ಸೀಟಿ ಕೂಗಿತು, ಚೆಂಡನ್ನು ನೆಲದ ಮೇಲಿಟ್ಟು ಅವರಿಗೆ ಒದೆಯಲು ಬಿಟ್ಟರು. ನಮ್ಮವರು ಐವರು ಹತ್ತು ಗಜ ಆಚೆ ಗೋಡೆಯಾಗಿ ನಿಂತರು. ಚೆಂಡು ಗೋಡೆಯನ್ನು ದಾಟಿ ಗೋಲಿನೊಳಗೆ ಹೋಯಿತು. ಓಡಿ ಬಂದು ಹೊಡೆದ ಚೆಂಡುಗಳನ್ನೆಲ್ಲ ಆತ ಹಿಡಿದಿದ್ದಾನೆ, ಇಟ್ಟು ಹೊಡೆದವು ಮಾತ್ರ ಹೋಗಿವೆ.

ಮೂವರೂ ನನ್ನನ್ನು, ಚರ್ಚೆಯ ನಡುವೆ ಸತ್ಯವನ್ನು ತಂದಿಡುವವನನ್ನು ನೋಡುವ ಹಾಗೆ ನೋಡಿದರು.

"ಅದು ಪುಕ್ಕಟೆ ಒದೆ ಗುಮಾಸ್ತ್ರೇ," ಎಂದರು ಸಾಹುಕಾರರು. "ಪುಕ್ಕಟೆ ಅಂದ್ರೆ ಯಾರಾದ್ರೂ ಜೋರಾಗೇ ಒದೀತಾರೆ. ಮುದ್ದೆ ಕಮ್ಮಿ ಮಾಡ್ಲಿ."

ಹೀಗೆ ಚಿಕಿತ್ಸೆ ಶುರುವಾಯಿತು. ಮೇಷ್ಟ್ರು ಜವಾನನನ್ನು ಕರೆದು ಬೀದಿಯ ಕೊನೆಗೆ ನಿಲ್ಲಿಸಿ, ಜೋಗಿಮಟ್ಟಿಯ ಕಡೆ ಕೈ ತೋರಿಸಿ, ಇಳಿಜಾರಿನಲ್ಲಿ ಮೇಯುವ ಮೇಕೆಗಳನ್ನು ಎಣಿಸಲು ಹೇಳಿದರು. "ಹದಿನೇಳು ಮೇಷ್ಟ್ರೇ. ಅದ್ರಾಗೆ ಒಂದು ಕುಂಟ್ತೈತೆ," ಎಂದನು. ಮೇಷ್ಟ್ರು ಕನ್ನಡಕ ಒರೆಸಿ ಬಹಳ ಹೊತ್ತು ನೋಡಿದರು. ಅವರಿಗೆ ಗುಡ್ಡವೇ ಸರಿಯಾಗಿ ಕಾಣಲಿಲ್ಲ. ಕಣ್ಣಿನ ವಾದ ಅಲ್ಲಿಗೆ ವಜಾ ಆಯಿತು. ಸಾಬರು ಶರ್ಟಿನ ಕಂಕುಳಿಗೆ ಪಟ್ಟಿ ಕೊಟ್ಟು ಹಿಗ್ಗಿಸಿದರು. ಸಾಹುಕಾರರ ಒತ್ತಾಯಕ್ಕೆ ಮುದ್ದೆ ಎರಡರಿಂದ ಒಂದಕ್ಕಿಳಿಯಿತು.

ಹೊಸದುರ್ಗಕ್ಕೆ ಹೋಗಿ ಆಡಿದಾಗ ಮೂರು ಗೋಲಾದವು. ಮೂರೂ ಪುಕ್ಕಟೆ ಒದೆ. "ಹಸ್ಕಂಡಿದ್ದೆ ಕಣ್ರಿ," ಎಂದು ಮಾತ್ರ ಅಂದ ಆತ.

ಆದರೆ ಹೊಸದುರ್ಗದಲ್ಲಿ ನಾನು ಕಾರಣವನ್ನು ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಅಲ್ಲಿಯ ಮೈದಾನದಲ್ಲಿ ನೆರಳಿದ್ದದ್ದು ಗೋಲಿನ ಹಿಂದಿನ ಹುಣಸೆ ಮರದಡಿ ಮಾತ್ರ. ಅಲ್ಲಿ ಕೂತಿದ್ದೆ. ಮೂರನೆಯ ಫ್ರೀ ಕಿಕ್ಕಿಗೆ ನಮ್ಮ ಗೋಡೆ ಏಳುವುದನ್ನು ಹಿಂದಿನಿಂದ ನೋಡಿದೆ. ನಡುವೆ ಶಿರಸ್ತೇದಾರರು ನಿಂತರು. ಅವರ ಬಲಕ್ಕೆ ಮೊದಲನೆಯ ಗುಮಾಸ್ತರು ಬಂದರು. ಮೇಲಧಿಕಾರಿಯ ಸರಿಸಮಕ್ಕೆ ನಿಲ್ಲಬಾರದಲ್ಲ, ಅರ್ಧ ಹೆಜ್ಜೆ ಹಿಂದೆ ನಿಂತರು. ಮೈಗೆ ಮೈ ತಾಗಿಸಬಾರದಲ್ಲ, ಒಂದು ಮೊಳ ಬಿಟ್ಟು ನಿಂತರು. ಎಡಕ್ಕೆ ಎರಡನೆಯ ಗುಮಾಸ್ತರು ಬಂದರು. ಅವರು ಮೊದಲನೆಯವರಿಗಿಂತ ಕಿರಿಯರಾದ್ದರಿಂದ ಒಂದು ಹೆಜ್ಜೆ ಹಿಂದೆ, ಒಂದೂವರೆ ಮೊಳ ದೂರ. ಆಚೀಚೆ ಷೇಕ್ದಾರರು, ಖಜಾನೆಯವರು, ತಮ್ಮ ತಮ್ಮ ದರ್ಜೆಗೆ ತಕ್ಕಂತೆ. ನೋಡಲು ದರ್ಬಾರಿನ ಚಿತ್ರದಂತಿತ್ತು. ಗೋಡೆಯಂತೆ ಇರಲಿಲ್ಲ.

ಗೋಲು ಕಾಯುವವನಿಗೆ ಇದು ಕಾಣುತ್ತಿತ್ತು. ಗೋಡೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಕೂಗಿ ಹೇಳುವುದು ಅವನದೇ ಕೆಲಸ. ಹೇಳಿಯೂ ಹೇಳಿದ. ಮೆಲ್ಲಗೆ, ಬಾಯಿಗೆ ಅಂಗೈ ಅಡ್ಡ ಹಿಡಿದು: "ಬುದ್ಧೀ... ತಪ್ಪು ತಿಳೀಬಾರ್ದು... ತಮ್ಮ ಪಾದ ಒಂದೀಟು ಎಡಕ್ಕೆ ದಯಮಾಡಿಸ..."

'ಬೇಕು' ಎನ್ನುವಷ್ಟರಲ್ಲಿ ಚೆಂಡು ಆ ಒಂದೂವರೆ ಮೊಳ ಮರ್ಯಾದೆಯ ನಡುವೆ ತೂರಿ, ಅವನ ಪಕ್ಕದಲ್ಲೇ ಹಾದು, ನನ್ನ ಹುಣಸೆ ಮರಕ್ಕೆ ಬಡಿಯಿತು.

ಹಿಂದಿರುಗುವಾಗ ಬಾಡಿಗೆ ಮೋಟಾರಿನಲ್ಲಿ ಶಿರಸ್ತೇದಾರರು ಎಲ್ಲರಿಗೂ ಕೇಳುವಂತೆ ಹೇಳಿದರು: "ಹಿರಿಯೂರಿನವರು ಬರ್ತಾರೆ ಮುಂದಿನ ವಾರ. ಅದೊಂದು ಆಟ ನೋಡ್ತೀನಿ. ಪುನಃ ಹೀಗೇ ಆದ್ರೆ ಗೋಲಿಗೆ ನಮ್ಮ ಭಾವಮೈದುನ ನಿಲ್ತಾನೆ." ಭಾವಮೈದುನರು ಹೊಸದಾಗಿ ನಕಲು ಗುಮಾಸ್ತರಾಗಿ ಬಂದಿದ್ದರು. ಆಟ ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ, ಬೂಟುಗಳಿದ್ದವು.

ಜವಾನ ದುರ್ಗದಲ್ಲಿ ಇಳಿದ ಮೇಲೆ ನನ್ನ ಜೊತೆ ನಾಲ್ಕು ಹೆಜ್ಜೆ ಬಂದು ಹೇಳಿದ: "ನೋಡ್ರಿ ಗುಮಾಸ್ತ್ರೇ. ಕಚೇರ್ಯಾಗೂ ನಾನು ಬಾಗ್ಲು ಕಾಯೋನೇ, ಇಲ್ಲೂ ಬಾಗ್ಲೇ. ಅಲ್ಲಿ ಅವ್ರು ಬಿಡು ಅಂದೋರ್ನ ಒಳಗೆ ಬಿಡ್ಬೇಕು, ಬ್ಯಾಡ ಅಂದೋರ್ನ ತಡೀಬೇಕು. ಇಲ್ಲಿ ಹಂಗಲ್ಲ. ಒಳಗೆ ಬಿಡಲ್ಲ ಅನ್ನೋನು ನಾನೇ. ವಾರಕ್ಕೆ ಒಂದು ಗಂಟೆ ಅಷ್ಟೇ ಅದು. ಅದನ್ನೂ ಕಿತ್ಕಂಡ್ರೆ ಏನ್ ಮಾಡಾಣ?"

ಬೆಂಚಿನ ಮುಂದೆ ವಿಷಯ ಮಂಡಿಸಿದೆ.

"ಅಂದ್ರೆ ಆಳಲ್ಲ ಕೆಟ್ಟಿರೋದು, ಗೋಡೆ," ಎಂದರು ಮೇಷ್ಟ್ರು. ಕಣ್ಣಿನ ವಾದ ಸೋತವರಿಗೆ ಇದು ಸಮಾಧಾನ ತಂದಿತ್ತು.

"ಶಿರಸ್ತೇದಾರ್ರಿಗೆ ಹೇಳ್ಬಿಟ್ರೆ ಆತು," ಎಂದರು ಸಾಹುಕಾರರು.

"ಹೇಳ್ರಿ ಮತ್ತೆ," ಎಂದರು ಸಾಬರು.

"ನಾನಾ? ನಂದೊಂದು ಖಾತೆ ಬದಲಾವಣೆ ಅವರ ಮೇಜಿನ ಮ್ಯಾಲೆ ಐತೆ ಕಣ್ರಿ. ಮೇಷ್ಟ್ರು ಹೇಳ್ಲಿ, ದೊಡ್ಡೋರು."

ಮೇಷ್ಟ್ರ ಪಿಂಚಣಿ ಕಾಗದವೂ ಅದೇ ಮೇಜಿನ ಮೇಲಿತ್ತು. ನನ್ನ ವಕೀಲರ ಅರ್ಜಿಗಳು ಅದರ ಕೆಳಗಿದ್ದವು. ಸಾಬರ ಕಡೆ ಎಲ್ಲರೂ ನೋಡಿದೆವು. ಸಾಬರು ಗೋಡೆಯ ಮೊಳೆಗೆ ನೇತುಹಾಕಿದ್ದ ಅರೆಹೊಲಿಗೆಯ ಕರಿ ಕೋಟನ್ನು ತೋರಿಸಿದರು. "ಅವರದೇ. ದಸರಾಕ್ಕೆ ಹೊಲೀತಾ ಇದೀನಿ. ತೋಳು ಇನ್ನೂ ಕೂಡ್ಸಿಲ್ಲ. ನಂಗೂ ಮಕ್ಕಳು ಮರಿ ಅವೆ ಸ್ವಾಮಿ."

ಕೊನೆಗೆ, ಶಿರಸ್ತೇದಾರರನ್ನು ತಿದ್ದುವುದಕ್ಕಿಂತ ಜವಾನನನ್ನು ತಿದ್ದುವುದು ಕ್ಷೇಮ ಎಂದು ಸಭೆ ನಿರ್ಣಯಿಸಿತು. ಅವನಿಗೆ ಜೋರಾಗಿ ಕೂಗಲು ಅಭ್ಯಾಸ ಮಾಡಿಸಬೇಕು. ಅಂಗಡಿ ಮುಂದೆ ನಾವು ನಾಲ್ವರೂ ಗೋಡೆಯಾಗಿ ನಿಂತೆವು. ಸಾಹುಕಾರರು ತೊಗಲಿನ ಚೆಂಡನ್ನು ಕೈಯಿಂದ ಮುಟ್ಟುತ್ತಿರಲಿಲ್ಲ. ಎದೆಯಿಂದ ತಡೆಯಲು ಅಭ್ಯಂತರವಿಲ್ಲ ಎಂದರು.

"ಕೂಗಪ್ಪ," ಎಂದರು ಮೇಷ್ಟ್ರು.

"ಎಡಕ್ಕೆ ಸರೀರಿ!" ಎಂದು ಕೂಗಿದ. ಎದುರಿನ ಬಳೆ ಅಂಗಡಿಯವರೂ ಸರಿದರು. "ಇನ್ನೂ ಒತ್ತಿ ನಿಂತ್ಕಳ್ರಿ! ಸಾಹುಕಾರ್ರೇ, ಹೊಟ್ಟೆ ಒಳಗೆ ಎಳ್ಕಳ್ರಿ, ಗೋಲು ಕಾಣವಲ್ದು! ಮೇಷ್ಟ್ರೇ, ಏನ್ ಆ ಕಡೆ ನೋಡ್ತೀರಿ, ಚೆಂಡು ಈ ಕಡೆ ಐತೆ!"

"ಗಂಟಲು ಚೆನ್ನಾಗೈತೆ," ಎಂದರು ಸಾಹುಕಾರರು, ಸ್ವಲ್ಪ ನೊಂದು.

ಆಗ ಸಾಬರಿಗೆ ಒಂದು ಉಪಾಯ ಹೊಳೆಯಿತು. ಮೊಳೆಯಿಂದ ಆ ಕರಿ ಕೋಟನ್ನು ತೆಗೆದು, ಗಜದ ಕೋಲಿಗೆ ಸಿಕ್ಕಿಸಿ, ನಮ್ಮ ನಡುವೆ ಎತ್ತಿ ಹಿಡಿದರು. "ಈಗ ಕೂಗು."

ಜವಾನ ಕೋಟನ್ನು ನೋಡಿದ. ಅದರೊಳಗೆ ಯಾರೂ ಇರಲಿಲ್ಲ. ತೋಳುಗಳೂ ಇರಲಿಲ್ಲ. ಆದರೂ ಅವನ ಬೆನ್ನು ತಾನಾಗಿ ಬಾಗಿತು, ಅಂಗೈ ಬಾಯಿಗೆ ಹೋಯಿತು. "ಬುದ್ಧೀ..." ಎಂದ.

"ಲೇ, ಅದು ಬರೀ ಬಟ್ಟೆ ಕಣಲೇ!"

"ಗೊತ್ತೈತೆ ಸಾಬ್ರೇ. ಗಂಟಲಿಗೆ ಗೊತ್ತಾಗವಲ್ದು."

ಮೂರು ಸಂಜೆ ಪ್ರಯತ್ನಿಸಿದೆವು. ನಾಲ್ಕನೆಯ ಸಂಜೆ ಸಾಬರು, ಕೋಟು ಸುಕ್ಕಾಗುತ್ತದೆ ಎಂದು ಹೇಳಿ ಅಭ್ಯಾಸವನ್ನು ಬರಖಾಸ್ತು ಮಾಡಿದರು.

ಹಿರಿಯೂರಿನವರು ಬಂದ ದಿನ ಕೋಟೆಯ ಕೆಳಗಿನ ಮೈದಾನದಲ್ಲಿ ಜನ ಜಾತ್ರೆಯಂತೆ ಸೇರಿತ್ತು. ಅಮಲ್ದಾರರು ಮಾತ್ರ ಇರಲಿಲ್ಲ. ಭೀಮಸಮುದ್ರದ ಕಡೆ ಮೊಕ್ಕಾಂ ಹೋಗಿದ್ದರು. ಹಿರಿಯೂರಿನ ತಂಡ ತೆಂಗಿನಕಾಯಿ ಮಂಡಿಗಳ ತಂಡ. ಅವರಲ್ಲಿ ಒಬ್ಬ ಬರಿಗಾಲಲ್ಲಿ ಫ್ರೀ ಕಿಕ್ಕು ಹೊಡೆಯುತ್ತಿದ್ದ, ಕಾಯಿ ಸುಲಿಯುವಷ್ಟು ಸಲೀಸಾಗಿ. ಅವರ ಗೋಡೆಯನ್ನು ನೋಡಿ ನನಗೆ ಹೊಟ್ಟೆ ಉರಿಯಿತು. ಅವರ ಗೋಲು ಕಾಯುವವನು ಸ್ವಂತ ಸೋದರಮಾವನನ್ನೇ, "ಲೇ ಮಾವ, ಸರೀಲೇ ಆ ಕಡೆ, ಏನ್ ನಿದ್ದೆ ಹೊಡೀತೀಯ!" ಎಂದು ಗದರಿಸುತ್ತಿದ್ದ. ಮಾವನೂ ಸರಿಯುತ್ತಿದ್ದ. ಮರ್ಯಾದೆ ಇಲ್ಲದ ಊರಿನಲ್ಲಿ ಎಷ್ಟು ಅನುಕೂಲ!

ಮೊದಲರ್ಧದಲ್ಲಿ ನಮ್ಮವರು ಎರಡು ಗೋಲು ಹೊಡೆದರು. ಬೆಂಚಿನ ನಾವು ನಾಲ್ವರೂ ಟೊಪ್ಪಿಗೆ ರುಮಾಲು ಎಸೆದೆವು. ಆಮೇಲೆ ಅವರಿಗೊಂದು ಫ್ರೀ ಕಿಕ್ಕು ಸಿಕ್ಕಿತು. ನಮ್ಮ ದರ್ಬಾರು ನೆರೆಯಿತು. "ಬುದ್ಧೀ, ತಮ್ಮ ಪಾದ..." ಎಂಬುದು ಕೇಳಿಸಿತು. ಚೆಂಡು ಎಂದಿನ ಒಂದೂವರೆ ಮೊಳದಲ್ಲಿ ಒಳಗೆ ಹೋಯಿತು. ಎರಡು, ಒಂದು. ಶಿರಸ್ತೇದಾರರು ತಿರುಗಿ ಜವಾನನನ್ನು ನೋಡಿದರು, ಆಮೇಲೆ ಗೆರೆಯ ಆಚೆ ಕೂತಿದ್ದ ಭಾವಮೈದುನನನ್ನು ನೋಡಿದರು. ಭಾವಮೈದುನ ಬೂಟಿನ ದಾರ ಬಿಗಿಯತೊಡಗಿದ.

"ಮುಗೀತು," ಎಂದರು ಸಾಹುಕಾರರು. "ನಾವು ಕೋಟು ಹಿಡ್ಕಂಡು ಕುಣಿದಿದ್ದೇ ಬಂತು."

ಆಟ ಮುಗಿಯಲು ಇನ್ನೇನು ಐದು ನಿಮಿಷ ಇರಬಹುದು, ಷೇಕ್ದಾರರು ಎದುರಾಳಿಯೊಬ್ಬನನ್ನು ಜಮೀನು ಅಳೆಯುವ ಹಾಗೆ ಉದ್ದಕ್ಕೆ ಕೆಡವಿದರು. ಸೀಟಿ ಕೂಗಿತು. ಗೋಲಿಗೆ ಇಪ್ಪತ್ತು ಗಜ ದೂರದಲ್ಲಿ ಚೆಂಡು ಇಟ್ಟರು. ತೆಂಗಿನ ಮಂಡಿಯವನು ಬಂದ, ಕಾಲು ಒರೆಸಿಕೊಂಡ. ನಮ್ಮ ಐವರು ನಿಂತರು: ನಡುವೆ ಶಿರಸ್ತೇದಾರರು, ಅರ್ಧ ಹೆಜ್ಜೆ, ಒಂದು ಹೆಜ್ಜೆ, ಒಂದು ಮೊಳ, ಒಂದೂವರೆ ಮೊಳ.

ಜವಾನ ಬಾಯಿಗೆ ಅಂಗೈ ಹಿಡಿದ. ಆಮೇಲೆ ಕೈ ಇಳಿಸಿದ. ಕಂಬಕ್ಕೆ ನೇತುಹಾಕಿದ್ದ ಬಿಲ್ಲೆಯ ಕಡೆ ಒಮ್ಮೆ ನೋಡಿದ.

ಇಲ್ಲಿ ಕಚೇರಿಯ ಒಂದು ಪದ್ಧತಿಯನ್ನು ಹೇಳಬೇಕು. ದಿನಾ ಹನ್ನೊಂದಕ್ಕೆ ಅಮಲ್ದಾರರು ಕಚೇರಿಯ ಮೆಟ್ಟಿಲು ಹತ್ತುವಾಗ ಬಾಗಿಲ ಜವಾನ ಒಂದು ಕೂಗು ಹಾಕುತ್ತಿದ್ದ. ಅದು ಕೇಳಿದೊಡನೆ ಕುರ್ಚಿಗಳೆಲ್ಲ ಖಾಲಿ. ಶಿರಸ್ತೇದಾರರಿಂದ ಹಿಡಿದು ಎಲ್ಲರೂ ಪಡಸಾಲೆಗೆ ಬಂದು ಎಡಗಡೆಯ ಗೋಡೆಗೆ ಸಾಲಾಗಿ ನಿಂತು, ಬಲಗಡೆ ದಾರಿ ಬಿಟ್ಟು, ಸಲಾಮು ಮಾಡಬೇಕು. ಪಡಸಾಲೆ ಬಹಳ ಕಿರಿದು. ಅರ್ಧ ಹೆಜ್ಜೆ, ಒಂದು ಮೊಳಗಳಿಗೆ ಅಲ್ಲಿ ಜಾಗವೇ ಇರಲಿಲ್ಲ. ಭುಜಕ್ಕೆ ಭುಜ ಒತ್ತಿ ನಿಂತರೆ ಮಾತ್ರ ಸಾಹೇಬರು ಹೋಗಬಹುದು. ಅರ್ಜಿ ಹಿಡಿದು ಹೋದ ನಾನೂ ಎಷ್ಟೋ ಸಲ ಆ ಸಾಲಿನ ಕೊನೆಯಲ್ಲಿ ಗೋಡೆಗೆ ಅಂಟಿದ್ದೇನೆ.

"ಹುಷಾಆಆರ್!" ಎಂದು ಜವಾನ ಕೂಗಿದ. ಕೋಟೆಯ ಬಂಡೆಗಳು ಅದನ್ನು ಹಿಂದಕ್ಕೆ ಕೊಟ್ಟವು. "ಸಾಹೇಬ್ರು ಬಂದ್ರು! ಬಲಕ್ಕೆ ದಾರೀಈಈ!"

ಅಮಲ್ದಾರರು ಭೀಮಸಮುದ್ರದಲ್ಲಿದ್ದಾರೆಂದು ಐವರಿಗೂ ಗೊತ್ತಿತ್ತು. ಅವರ ಕಾಲುಗಳಿಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಐವರೂ ಎಡಕ್ಕೆ ಸರಿದು, ಭುಜಕ್ಕೆ ಭುಜ ಸೇರಿಸಿ, ಒಂದೇ ಗೆರೆಯಲ್ಲಿ ನಿಂತು, ತಲೆ ಬಾಗಿಸಿ ಸಲಾಮು ಮಾಡಿದರು. ಅಂಥ ಗೋಡೆಯನ್ನು ಪಾಳೆಯಗಾರರೂ ಕಟ್ಟಿಸಿರಲಾರರು. ಸರ್ಕಾರಿ ಹೈಸ್ಕೂಲಿನ ಡ್ರಿಲ್ ಮಾಸ್ತರರು ಆಟದ ತೀರ್ಪುಗಾರರಾಗಿದ್ದರು. ಅವರೂ ಸೀಟಿ ಬಾಯಲ್ಲಿಟ್ಟುಕೊಂಡೇ ಸಲಾಮು ಹೊಡೆದರು. ನಮ್ಮ ಮೇಷ್ಟ್ರು ಎದ್ದು ನಿಂತರು.

ತೆಂಗಿನ ಮಂಡಿಯವನು ಆಗಲೇ ಓಡಿ ಬಂದಾಗಿತ್ತು. ಎಂದಿನ ಕಿಂಡಿ ಮಾಯವಾಗಿತ್ತು. ಬಲಗಡೆ ಮಾತ್ರ ಸಾಹೇಬರಿಗೆಂದು ಬಿಟ್ಟ ವಿಶಾಲವಾದ ದಾರಿ ಕಂಡಿತು. ಅಲ್ಲಿಗೇ ಒದ್ದ, ಬಲವಾಗಿ. ಆ ದಾರಿಯ ಕೊನೆಯಲ್ಲಿ ಜವಾನ ಕಾಯುತ್ತಾ ನಿಂತಿದ್ದ. ಚೆಂಡನ್ನು ಎರಡು ಕೈಯಲ್ಲೂ ಹಿಡಿದು ಎದೆಗೆ ಒತ್ತಿಕೊಂಡ, ಕಡತ ಹಿಡಿಯುವ ಹಾಗೆ. ಅಷ್ಟು ಹೊತ್ತೂ ಆ ಐವರು ತಲೆ ಎತ್ತಿರಲಿಲ್ಲ.

"ಒಳಗೆ ಬಿಡಲಿಲ್ಲ ಕಣ್ರೀ!" ಎಂದು ಸಾಹುಕಾರರು ನನ್ನ ಬೆನ್ನಿಗೆ ಹೊಡೆದರು. ಚೆಂಡು ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಆಟ ಗೆದ್ದೆವು. ಆದರೆ ಶಿರಸ್ತೇದಾರರ ಮುಖದಲ್ಲಿ ಗೆಲುವಿರಲಿಲ್ಲ. ಮೈದಾನದ ಸುತ್ತ ಕಣ್ಣಾಡಿಸಿ, "ಎಲ್ಲಯ್ಯಾ ಸಾಹೇಬರು?" ಎಂದರು. ಜವಾನ ತಲೆ ತಗ್ಗಿಸಿದ. ಸೋಮವಾರ ಅವನ ಕೈಗೆ ಒಂದು ಕಾಗದ ಬಂತು: ಬಾರದ ಅಧಿಕಾರಿಗಳು ಬಂದರೆಂದು ಸಾರ್ವಜನಿಕವಾಗಿ ಕೂಗಿದ್ದೇಕೆ, ಮೂರು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು.

ಸಮಜಾಯಿಷಿಯನ್ನು ಬೆಂಚಿನ ಮೇಲೆ ನಾವೆಲ್ಲ ಸೇರಿ ಬರೆದೆವು. ಮೇಷ್ಟ್ರು ವ್ಯಾಕರಣ ನೋಡಿಕೊಂಡರು, ನಾನು ಕಾನೂನು. ಸಾಹುಕಾರರು ಪ್ರತಿ ಸಾಲಿಗೂ 'ಮಹಾಸ್ವಾಮಿ' ಸೇರಿಸಿ ಎಂದರು. ಮೂರು ಪುಟವಾಯಿತು. ಎಲ್ಲವನ್ನೂ ಓದಿಸಿಕೊಂಡು ಜವಾನ, "ಇಷ್ಟೆಲ್ಲ ಬ್ಯಾಡ್ರಿ," ಎಂದ. "ಬಾಗ್ಲು ಕಾಯೋನು ನಾನು, ಬಾಗ್ಲಿಗೆ ಬರೋದು ಕಂಡಾಗ ಕೂಗ್ದೆ, ಬೇರೆ ಕೂಗು ನಂಗೆ ಬರಲ್ಲ, ಅಂತ ಬರೀರಿ." ನಾನು ಅಷ್ಟನ್ನೇ ಬರೆದೆ. ಮೂರು ಪುಟದ ವ್ಯಾಕರಣ ಹಾಳಾಯಿತೆಂದು ಮೇಷ್ಟ್ರು ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಕಾಗದದ ಮೂಲೆಯಲ್ಲಿ ಶಿರಸ್ತೇದಾರರು, 'ನೋಡಲಾಯಿತು, ಕಡತಕ್ಕೆ ಸೇರಿಸಿ' ಎಂದು ಬರೆದರು. ಗೋಲಿನ ವಿಚಾರ ಒಂದಕ್ಷರವಿಲ್ಲ. ಹದಿನೈದು ದಿನಕ್ಕೆ ಹೊಳಲ್ಕೆರೆಗೆ ಆಡಲು ಹೋದೆವು. ರೈಲಿನಲ್ಲಿ ಭಾವಮೈದುನನೂ ಇದ್ದ, ಬೂಟುಗಳೂ ಇದ್ದವು. ಮೈದಾನಕ್ಕೆ ಇಳಿಯುವಾಗ ಶಿರಸ್ತೇದಾರರು ಯಾರ ಮುಖವನ್ನೂ ನೋಡದೆ, "ಗೋಲಿಗೆ ಮುಂದಿನ ಹುಕುಮಿನವರೆಗೆ ಅವನೇ ಇರಲಿ," ಎಂದರು. ಅವನು ಎಂದರೆ ಯಾರು ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಜವಾನ ಹೋಗಿ ಬಿಲ್ಲೆಯನ್ನು ಕಂಬಕ್ಕೆ ನೇತುಹಾಕಿದ.

ಆಟ ಶುರುವಾಗಿ ಕಾಲು ಗಂಟೆಯಾಗಿಲ್ಲ, ಹೊಳಲ್ಕೆರೆಯವರಿಗೆ ಫ್ರೀ ಕಿಕ್ಕು ಸಿಕ್ಕಿತು. ನಾನು ಗೋಲಿನ ಹಿಂದೆಯೇ ಕೂತಿದ್ದೆ. ನಮ್ಮವರು ಬಂದು ನಿಂತರು. ಅರ್ಧ ಹೆಜ್ಜೆ, ಒಂದು ಹೆಜ್ಜೆ, ಒಂದು ಮೊಳ, ಎಲ್ಲವೂ ಯಥಾಪ್ರಕಾರ. ಜವಾನ ಬಾಯಿ ತೆರೆದ, ಸಮಜಾಯಿಷಿ ನೆನಪಾಯಿತೇನೋ, ಮುಚ್ಚಿಕೊಂಡ. ಎದುರಿನವನು ಚೆಂಡಿನಿಂದ ಹಿಂದೆ ಹಿಂದೆ ಹೆಜ್ಜೆ ಹಾಕತೊಡಗಿದ.

ಶಿರಸ್ತೇದಾರರು ತಿರುಗಲಿಲ್ಲ. ಕತ್ತು ಅಲ್ಲಾಡಿಸಲಿಲ್ಲ. ಚೆಂಡನ್ನೇ ನೋಡುತ್ತಾ ಹಲ್ಲಿನ ಸಂದಿಯಲ್ಲಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಏನ್ ನೋಡ್ತಾ ನಿಂತೆ? ಕೂಗಯ್ಯಾ."